ಬಿಸಿಲುನಾಡಿನಲ್ಲಿ ಫ್ರಿಜ್ಜು

ಮನೆಯಲ್ಲಿ ಹಗಲಿರುಳು ಪ್ಲಗ್ಗಿನಲ್ಲೇ ಇರುವ ದೊಡ್ಡ ಯಂತ್ರ ಫ್ರಿಜ್ಜು ಒಂದೇ. ಫ್ಯಾನು, ಟಿವಿ, ಮಿಕ್ಸಿ, ನೀರಿನ ಮೋಟರು ಇವೆಲ್ಲ ಬೇಕೆಂದಾಗ ಹಾಕಿ ಸಾಕೆಂದಾಗ ಆರಿಸುವಂಥವು. ಫ್ರಿಜ್ಜಿಗೆ ಆ ಬಿಡುವಿಲ್ಲ. ಅದರ ಮೋಟರು ಹಳೆಯ ನೂರು ವ್ಯಾಟಿನ ಬಲ್ಬಿನಷ್ಟೇ ಕರೆಂಟು ಎಳೆದರೂ ತಿಂಗಳ ಕೊನೆಗೆ ಮೀಟರಿನಲ್ಲಿ ಹತ್ತಿಪ್ಪತ್ತು ಯೂನಿಟ್ಟಾಗಿ ಕೂತಿರುವುದು ಅದಕ್ಕೇ. ಆ ಲೆಕ್ಕ ಹತ್ತಕ್ಕೆ ನಿಲ್ಲುತ್ತದೋ ಮೂವತ್ತಕ್ಕೆ ಏರುತ್ತದೋ ಎನ್ನುವುದು ಕೊಂಡ ಕಂಪನಿಯ ಹೆಸರಿಗಿಂತ ಹೆಚ್ಚಾಗಿ ಫ್ರಿಜ್ಜು ಇಟ್ಟ ಜಾಗ, ಊರಿನ ಬಿಸಿಲು ಮತ್ತು ಮನೆಯವರ ರೂಢಿಯನ್ನು ಅವಲಂಬಿಸಿದೆ.

ಊರಿನ ಬಿಸಿಲು ಎಂದಾಗ ಚಳ್ಳಕೆರೆ ಸೀಮೆಯನ್ನು ಬಿಟ್ಟು ಮಾತಾಡುವಂತಿಲ್ಲ. ಚಿತ್ರದುರ್ಗ ಜಿಲ್ಲೆಯ ಈ ತಾಲ್ಲೂಕು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ವರ್ಷವಿಡೀ ಬಿದ್ದರೂ 500 ಮಿಲಿಮೀಟರಿನ ಆಸುಪಾಸು. ಏಪ್ರಿಲ್ ತಿಂಗಳಿನಲ್ಲಿ ಮಧ್ಯಾಹ್ನದ ಬಿಸಿಲು 38–39 ಡಿಗ್ರಿ ಮುಟ್ಟುವುದು ಇಲ್ಲಿಯವರಿಗೆ ಸುದ್ದಿಯೇ ಅಲ್ಲ. ದೊಡ್ಡಉಳ್ಳಾರ್ತಿ ಅಂಥ ಬಯಲಿನ ಹಳ್ಳಿ. ಸುತ್ತ ಕುರುಚಲು ಹುಲ್ಲುಗಾವಲು, ಶೇಂಗಾ ಹೊಲ, ನೆರಳಿಗೆ ಅಲ್ಲೊಂದು ಇಲ್ಲೊಂದು ಬೇವು, ಜಾಲಿ. ಅದರ ಹೆಸರನ್ನೇ ಹೊತ್ತ ಉಳ್ಳಾರ್ತಿ ಕಾವಲಿನಲ್ಲೂ ಹತ್ತಿರದ ಕುದಾಪುರದಲ್ಲೂ ಈಗ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೊ, ಬಾರ್ಕ್‌ಗಳಿಗೆ ಕೊಟ್ಟ ಜಮೀನಿನ ಕಾಂಪೌಂಡುಗಳಿವೆ. ಕಾಂಪೌಂಡಿನ ಆಚೆ ನಡೆಯುವ ವಿಜ್ಞಾನ ಏನೇ ಇರಲಿ, ಈಚೆ ಅಡುಗೆಮನೆಯಲ್ಲಿ ಮಧ್ಯಾಹ್ನ ಗುರ್ ಎನ್ನುವ ಫ್ರಿಜ್ಜೂ ಶಾಖಶಾಸ್ತ್ರದ ಒಳ್ಳೆಯ ಪಾಠವೇ.

ಫ್ರಿಜ್ಜು ಮಾಡುವ ಕೆಲಸ ಬೋರ್‌ವೆಲ್ ಮೋಟರಿನ ಕೆಲಸದಂಥದು. ಮೋಟರು ನೀರನ್ನು ಆಳದಿಂದ ಮೇಲೆತ್ತುತ್ತದೆ. ಫ್ರಿಜ್ಜು ಬಿಸಿಯನ್ನು ತಣ್ಣನೆಯ ಕಡೆಯಿಂದ ಬೆಚ್ಚನೆಯ ಕಡೆಗೆ ಎತ್ತಿ ಹಾಕುತ್ತದೆ. ಬಿಸಿ ತಾನಾಗಿ ಹರಿಯುವುದು ಇದರ ತದ್ವಿರುದ್ಧ ದಿಕ್ಕಿಗೆ. ಹಿಂದಿನ ಕೊಳವೆಗಳಲ್ಲಿ ಒಂದು ಅನಿಲ ಸುತ್ತುತ್ತಿರುತ್ತದೆ. ಇಂದಿನ ಹೆಚ್ಚಿನ ಫ್ರಿಜ್ಜುಗಳಲ್ಲಿ ಅದು ಆರ್-600ಎ ಎಂಬ ಐಸೊಬ್ಯೂಟೇನ್, ಅಡುಗೆ ಗ್ಯಾಸಿನಲ್ಲಿರುವ ಬ್ಯೂಟೇನಿನ ಒಡಹುಟ್ಟು. ದ್ರವವಾಗಿ ಒಳಹೊಕ್ಕು ಐಸ್ ಪೆಟ್ಟಿಗೆಯ ಸುತ್ತ ಆವಿಯಾಗುವಾಗ ಅದು ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿಮಾಡಿ ಹಿಂಬದಿಯ ಇಲ್ಲವೇ ಪಕ್ಕದ ಕೊಳವೆಗಳಿಗೆ ನೂಕುತ್ತದೆ. ಅಲ್ಲಿ ಬಿಸಿಯನ್ನು ಮನೆಯ ಗಾಳಿಗೆ ಬಿಟ್ಟು ಅದು ಮತ್ತೆ ದ್ರವವಾಗುತ್ತದೆ. ಫ್ರಿಜ್ಜಿನ ಬಾಗಿಲು ತೆಗೆದಿಟ್ಟರೆ ಕೋಣೆ ತಂಪಾದೀತು ಎಂದುಕೊಳ್ಳುವವರು ಈ ಸುತ್ತನ್ನು ಒಮ್ಮೆ ಮನಸ್ಸಿನಲ್ಲಿ ಸುತ್ತಿ ಬರಬೇಕು. ಮುಂದೆ ಎಷ್ಟು ತಂಪೋ ಹಿಂದೆ ಅಷ್ಟು ಬಿಸಿ. ಅದರ ಮೇಲೆ ಮೋಟರಿನ ಸ್ವಂತ ಬಿಸಿ ಬೇರೆ. ಕೋಣೆ ಕಾಯುತ್ತದೆಯೇ ಹೊರತು ತಣಿಯದು.

ನೂರು ಅಡಿಯಲ್ಲಿ ನೀರಿದ್ದ ಕಾಲಕ್ಕೂ ಐದುನೂರು ಅಡಿಗಿಳಿದ ಕಾಲಕ್ಕೂ ಮೋಟರು ತಿನ್ನುವ ಕರೆಂಟು ಹೇಗೆ ಬೇರೆಯಾಗುತ್ತದೆಂದು ಈ ಸೀಮೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಫ್ರಿಜ್ಜಿನ ಪಾಲಿಗೆ ಆಳವೆಂದರೆ ಒಳಗಿನ ತಂಪಿಗೂ ಹೊರಗಿನ ಬಿಸಿಗೂ ಇರುವ ಅಂತರ. ಅಂತರ ಹೆಚ್ಚಾದಾಗ ಎರಡು ಕಡೆಯಿಂದ ಏಟು ಬೀಳುತ್ತದೆ. ಮೊದಲನೆಯದು, ಗೋಡೆಯ ಮೂಲಕ ಒಳಗೆ ಸೋರುವ ಬಿಸಿಯೇ ಜಾಸ್ತಿ. ಹೊರಗೆ 26 ಡಿಗ್ರಿ, ಒಳಗೆ 4 ಡಿಗ್ರಿ ಇದ್ದರೆ ಅಂತರ 22. ಹೊರಗೆ 39 ಆದರೆ 35. ಸೋರಿಕೆ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ, ಅಂದರೆ ಸುಮಾರು ಶೇಕಡ 60ರಷ್ಟು ಏರುತ್ತದೆ. ಎರಡನೆಯದು, ಸೋರಿದ ಪ್ರತಿ ಗುಕ್ಕು ಬಿಸಿಯನ್ನೂ ಈಗ ಇನ್ನಷ್ಟು ಎತ್ತರಕ್ಕೆ ಎತ್ತಬೇಕು. ಶಾಖಯಂತ್ರಗಳ ಮಿತಿಯನ್ನು 1824ರಲ್ಲೇ ಲೆಕ್ಕ ಹಾಕಿಕೊಟ್ಟವರು ಫ್ರಾನ್ಸಿನ ಎಂಜಿನಿಯರ್ ಸಾಡಿ ಕಾರ್ನೊ. ಆ ಲೆಕ್ಕವನ್ನು ತಿರುಗುಮುರುಗು ಮಾಡಿ, ಫ್ರಿಜ್ಜಿನ ಐಸ್ ಪೆಟ್ಟಿಗೆಯ ತಂಪಿಗೂ ಹೊರ ಕೊಳವೆಗಳ ಬಿಸಿಗೂ ಇರುವ ಅಂತರಕ್ಕೆ ಹಚ್ಚಿದರೆ, 39 ಡಿಗ್ರಿಯಲ್ಲಿ ಅದೇ ಬಿಸಿಯನ್ನು ಹೊರಹಾಕಲು ಸುಮಾರು ಕಾಲು ಪಾಲಿನಷ್ಟು ಹೆಚ್ಚು ಶಕ್ತಿ ಬೇಕು. ಎರಡೂ ಸೇರಿದರೆ ಡಿಸೆಂಬರಿನ ಹಿತವಾದ ದಿನಕ್ಕಿಂತ ಏಪ್ರಿಲ್ ಮಧ್ಯಾಹ್ನ ಅದೇ ಫ್ರಿಜ್ಜು ಹತ್ತಿರ ಹತ್ತಿರ ಎರಡರಷ್ಟು ಕರೆಂಟು ಬೇಡುತ್ತದೆ. ಮನೆಯವರು ಏನನ್ನೂ ಹೆಚ್ಚು ಇಟ್ಟಿರುವುದಿಲ್ಲ, ಬಾಗಿಲನ್ನೂ ಹೆಚ್ಚು ಸಲ ತೆಗೆದಿರುವುದಿಲ್ಲ.

ಹಾಗಾಗಿ ಉಳಿತಾಯದ ಮಾತು ಶುರುವಾಗಬೇಕಾದದ್ದು ಬಾಗಿಲಿನಿಂದಲ್ಲ, ಜಾಗದಿಂದ. ಊರಿನ ಬಿಸಿಲನ್ನು ಯಾರೂ ಇಳಿಸಲಾರರು. ಆದರೆ ಒಂದೇ ಮನೆಯೊಳಗೆ ಐದಾರು ಡಿಗ್ರಿ ವ್ಯತ್ಯಾಸವಿರುವ ಮೂಲೆಗಳಿರುತ್ತವೆ. ಹಳೆಯ ಮಾಳಿಗೆ ಮನೆಯ ದಪ್ಪ ಮಣ್ಣಿನ ಗೋಡೆಯ ನಡುಮನೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅದೇ ಮನೆಗೆ ಹಿಂದೆ ಸೇರಿಸಿದ ಶೀಟಿನ ಅಡುಗೆಮನೆ ಮಧ್ಯಾಹ್ನ ಒಲೆಯಂತೆ ಕಾಯುತ್ತದೆ. ಫ್ರಿಜ್ಜು ಸಾಮಾನ್ಯವಾಗಿ ಹೋಗಿ ಕೂರುವುದು ಈ ಎರಡನೆಯದರಲ್ಲಿ, ಅದೂ ಗ್ಯಾಸ್ ಒಲೆಯ ಪಕ್ಕದಲ್ಲಿ, ಕೈಗೆ ಹತ್ತಿರವಾಗಲಿ ಎಂದು. ಆರ್‌ಸಿಸಿ ಮನೆಗಳಲ್ಲಿ ಪಡುವಣ ಗೋಡೆಯದು ಇನ್ನೊಂದು ಕಥೆ. ಸಂಜೆಯವರೆಗೆ ಬಿಸಿಲು ಕುಡಿದ ಗೋಡೆ ರಾತ್ರಿ ಹತ್ತರವರೆಗೂ ಒಳಗೆ ಬಿಸಿ ಕಾರುತ್ತಿರುತ್ತದೆ. ಅದಕ್ಕೆ ಬೆನ್ನು ಕೊಟ್ಟ ಫ್ರಿಜ್ಜಿಗೆ ಸೂರ್ಯ ಮುಳುಗಿದರೂ ಮಧ್ಯಾಹ್ನ ಮುಗಿಯುವುದಿಲ್ಲ. ಬಡಗಣ ಅಥವಾ ಮೂಡಣ ಗೋಡೆ, ಒಲೆಯಿಂದ ದೂರ, ಕಿಟಕಿಯ ಬಿಸಿಲು ಬೀಳದ ಜಾಗ: ಇಷ್ಟು ಸಿಕ್ಕರೆ ಸಾಕು. ಫ್ರಿಜ್ಜು ನಡುಮನೆಗೆ ಬಂದರೆ ಅಡುಗೆಗೆ ಹತ್ತು ಹೆಜ್ಜೆ ಹೆಚ್ಚು ನಡೆಯಬೇಕಾದೀತು. ಆ ಹತ್ತು ಹೆಜ್ಜೆಯೇ ಈ ಲೇಖನದಲ್ಲಿ ಬರುವ ಅನೇಕ ಉಪಾಯಗಳಿಗಿಂತ ಹೆಚ್ಚು ಯೂನಿಟ್ ಉಳಿಸಬಲ್ಲದು.

ಜಾಗ ಸರಿಯಾದ ಮೇಲೆ ಸುತ್ತಲ ಸಂದು. ಹೊರಹಾಕಿದ ಬಿಸಿ ಎದ್ದು ಹೋಗಲು ದಾರಿ ಬೇಕು. ಹಳೆಯ ಫ್ರಿಜ್ಜಿನ ಬೆನ್ನಿಗೆ ಕಪ್ಪು ಬಣ್ಣದ ಕೊಳವೆಯ ಜಾಲರಿ ಕಾಣುತ್ತಿತ್ತು. ಅದನ್ನು ಗೋಡೆಗೆ ಒತ್ತಬಾರದೆಂದು ನೋಡಿದರೇ ಗೊತ್ತಾಗುತ್ತಿತ್ತು. ಈಗಿನ ಅನೇಕ ಮಾದರಿಗಳಲ್ಲಿ ಆ ಕೊಳವೆಗಳು ಎಡಬಲದ ತಗಡಿನ ಒಳಮೈಗೆ ಅಂಟಿಕೊಂಡಿರುತ್ತವೆ. ಬೆನ್ನು ನುಣ್ಣಗಿರುತ್ತದೆ, ಪಕ್ಕ ಮುಟ್ಟಿದರೆ ಬಿಸಿ. ಕೊಂಡ ಹೊಸದರಲ್ಲಿ ಪಕ್ಕ ಮುಟ್ಟಿ ಗಾಬರಿಯಾಗಿ ಮೆಕ್ಯಾನಿಕ್‌ಗೆ ಫೋನು ಮಾಡುವವರೂ ಉಂಟು. ಅದು ಕೆಟ್ಟಿರುವ ಗುರುತಲ್ಲ, ಕೆಲಸ ನಡೆದಿದೆ ಎನ್ನುವ ಗುರುತು. ಹಿಂದೆ ಒಂದು ಗೇಣಿಗೆ ಸ್ವಲ್ಪ ಕಡಿಮೆ, ಪಕ್ಕಕ್ಕೆ ನಾಲ್ಕು ಬೆರಳು, ಮೇಲೆ ಒಂದು ಗೇಣು ಖಾಲಿ ಬಿಟ್ಟರೆ ಗಾಳಿ ಆಡುತ್ತದೆ. ಫ್ರಿಜ್ಜಿನ ಜೊತೆಗಿರುವ ಪುಸ್ತಕದಲ್ಲಿ ಆಯಾ ಮಾದರಿಗೆ ಬೇಕಾದ ಅಳತೆಯೂ ಇರುತ್ತದೆ.

ಇಲ್ಲಿ ಒಂದು ವಸ್ತುವನ್ನು ಹತ್ತಿರದಿಂದ ನೋಡಬೇಕು. ಫ್ರಿಜ್ಜಿನ ತಲೆಯ ಮೇಲೆ ಹಾಸುವ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ ಈಗ ಮನೆಮನೆಯಲ್ಲೂ ಇದೆ. ಸಂತೆಯಲ್ಲೂ ಸಿಗುತ್ತದೆ. ಅದರ ಎರಡು ತುದಿ ಎಡಬಲಕ್ಕೆ ಇಳಿಬಿದ್ದಿರುತ್ತದೆ, ತುದಿಗಳಲ್ಲಿ ಸಾಲಾಗಿ ಜೇಬುಗಳು. ಒಂದರಲ್ಲಿ ಕರೆಂಟು ಬಿಲ್ಲು, ಇನ್ನೊಂದರಲ್ಲಿ ಮಾತ್ರೆ ಚೀಟಿ, ಮತ್ತೊಂದರಲ್ಲಿ ಬಾಚಣಿಗೆ, ರೇಷನ್ ಕಾರ್ಡು. ತಲೆಯ ಮೇಲೆ ಸ್ಟೆಬಿಲೈಜರು, ಹಣ್ಣಿನ ಬುಟ್ಟಿ, ದೇವರ ಫೋಟೊ. ಬಿಸಿ ಹೊರಹೋಗಬೇಕಾದ ಪಕ್ಕದ ತಗಡಿಗೆ ಹೀಗೆ ಒಂದು ರಗ್ಗು ಹೊದಿಸಿದಂತಾಗಿರುತ್ತದೆ. ಪಕ್ಕ ಬಿಸಿಯಾಗುವ ಮಾದರಿಯಾದರೆ ಕರೆಂಟು ಬಿಲ್ಲು ಇಟ್ಟ ಜೇಬೇ ಬಿಲ್ಲನ್ನು ಏರಿಸುತ್ತಿರುತ್ತದೆ. ಹೊದಿಕೆ ಬೇಕೇ ಬೇಕೆಂದರೆ ತಲೆಯ ಅಳತೆಗೆ ಕತ್ತರಿಸಿ ಹಾಸಿದರೆ ಆಯಿತು.

ಜಾಲರಿ ಹೊರಗಿರುವ ಫ್ರಿಜ್ಜಿಗೆ ಧೂಳಿನ ಕಾಟ. ಆಷಾಢದ ಗಾಳಿ ಬೀಸಿದರೆ ಈ ಬಯಲಿನಲ್ಲಿ ಕಿಟಕಿ ಮುಚ್ಚಿದರೂ ಮನೆಯೊಳಗೆ ಮಣ್ಣು; ಶೇಂಗಾ ಬಿಡಿಸುವ ಕಾಲದಲ್ಲಿ ಸಿಪ್ಪೆಯ ಧೂಳು ಬೇರೆ. ಕೊಳವೆಯ ಮೇಲೆ ಕೂತ ಧೂಳು ಕಂಬಳಿಯಂತೆ ಬಿಸಿಯನ್ನು ಹಿಡಿದಿಡುತ್ತದೆ. ಪ್ಲಗ್ಗು ಕಿತ್ತು, ಫ್ರಿಜ್ಜನ್ನು ಮುಂದಕ್ಕೆಳೆದು, ಮೆತ್ತನೆಯ ಬ್ರಷ್ಷಿನಲ್ಲಿ ಮೇಲಿನಿಂದ ಕೆಳಗೆ ಜಾಡಿಸಿದರೆ ಕಾಲು ಗಂಟೆಯ ಕೆಲಸ. ಬೇರೆ ಊರಲ್ಲಿ ವರ್ಷಕ್ಕೊಮ್ಮೆ ಸಾಕಾದರೆ ಇಲ್ಲಿ ಎರಡು ಸಲ, ಯುಗಾದಿ ಸುಣ್ಣಬಣ್ಣದ ಜೊತೆ ಒಮ್ಮೆ, ಗಾಳಿಯ ದಿನಗಳು ಮುಗಿದ ಮೇಲೆ ಇನ್ನೊಮ್ಮೆ.

ಮುಂದಿನದು ಬಾಗಿಲ ಅಂಚಿನ ರಬ್ಬರು. ಮೆಕ್ಯಾನಿಕ್‌ಗಳು ಗ್ಯಾಸ್ಕೆಟ್ ಎನ್ನುವ ಈ ಪಟ್ಟಿಯೊಳಗೆ ಅಯಸ್ಕಾಂತವಿರುತ್ತದೆ. ಬಾಗಿಲು ತಾನಾಗಿ ಅಂಟಿಕೊಳ್ಳುವುದು ಅದರಿಂದ. ಹಾಲು ಚೆಲ್ಲಿ ಜಿಡ್ಡಾಗಿ, ಒಣಗಿ ಬಿರುಕು ಬಿಟ್ಟು, ಕೆಳಮೂಲೆಯಲ್ಲಿ ಸೊಟ್ಟಗಾಗಿ ಅದು ಕಾಣದಂತೆ ಕೆಡುತ್ತದೆ. ಹತ್ತು ರೂಪಾಯಿಯ ನೋಟೊಂದನ್ನು ಅರ್ಧ ಒಳಗೆ ಅರ್ಧ ಹೊರಗೆ ಇರುವಂತೆ ಇಟ್ಟು ಬಾಗಿಲು ಹಾಕಿ ಎಳೆದು ನೋಡಬೇಕು. ಬಿಗಿಯಾಗಿ ಹಿಡಿದುಕೊಂಡರೆ ರಬ್ಬರು ಚೆನ್ನಾಗಿದೆ. ಸರ್ರನೆ ಜಾರಿ ಬಂದರೆ ಆ ಜಾಗದಲ್ಲಿ ಸೋರಿಕೆ. ಸುತ್ತ ಎಂಟ್ಹತ್ತು ಕಡೆ ನೋಡಿದರೆ ಚಿತ್ರ ಸಿಗುತ್ತದೆ. ಅನೇಕ ಸಲ ಬೆಚ್ಚನೆಯ ಸೋಪಿನ ನೀರಿನಲ್ಲಿ ಉಜ್ಜಿ ಒರೆಸಿದರೇ ಸರಿಹೋಗುತ್ತದೆ. ಇಲ್ಲದಿದ್ದರೆ ರಬ್ಬರನ್ನೇ ಬದಲಿಸಬಹುದು, ಹಲವು ಮಾದರಿಗಳಿಗೆ ಬಿಡಿಯಾಗಿ ಸಿಗುತ್ತದೆ. ಬಾಗಿಲು ಎಷ್ಟು ಸಲ ತೆರೆದರೂ ಅದು ಕ್ಷಣದ ಮಾತು. ರಬ್ಬರಿನ ಸಂದಾದರೋ ಇಡೀ ರಾತ್ರಿ ತೆರೆದೇ ಇರುತ್ತದೆ.

ಒಳಗಿನ ಗುಂಡಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. 1ರಿಂದ 7ರವರೆಗೆ ಇರುವ ಅಂಕಿಗಳು ಡಿಗ್ರಿಯಲ್ಲ. ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. 'ಬೇಸಿಗೆ' ಎಂದು ಬರೆದಿದ್ದರೂ ಒಮ್ಮೆ ತುದಿಗೆ ತಿರುಗಿಸಿದ್ದನ್ನು ಮಳೆಗಾಲ, ಚಳಿಗಾಲದಲ್ಲೂ ಹಾಗೇ ಬಿಡುವ ಮನೆಗಳೇ ಹೆಚ್ಚು. ಹಾಲು, ಮೊಸರು, ಉಳಿದ ಸಾರಿಗೆ ಬೇಕಾದದ್ದು 5 ಡಿಗ್ರಿಯ ಒಳಗಿನ ತಂಪು. 3–4 ಡಿಗ್ರಿ ಸಿಕ್ಕರೆ ನೆಮ್ಮದಿ. 1 ಡಿಗ್ರಿಗೆ ಇಳಿಸಿದರೆ ಆಹಾರಕ್ಕೆ ದೊಡ್ಡ ಲಾಭವಿಲ್ಲ, ಬೇಸಿಗೆಯಲ್ಲಿ ಒಳಸೋರುವ ಬಿಸಿ ಶೇಕಡ 10ರ ಹತ್ತಿರ ಏರುತ್ತದೆ, ಐಸ್ ಪೆಟ್ಟಿಗೆಯ ಹತ್ತಿರವಿಟ್ಟ ಕೊತ್ತಂಬರಿ ಸೊಪ್ಪು ಹೆಪ್ಪುಗಟ್ಟಿ ಕಪ್ಪಾಗಬಹುದು. ಅಂದಾಜಿನ ಬದಲು ಅಳೆಯುವುದು ಲೇಸು. ನಡುವಿನ ಹಲಗೆಯ ಮೇಲೆ ಲೋಟ ನೀರಿಟ್ಟು, ಬೆಳಿಗ್ಗೆ ಅದಕ್ಕೊಂದು ಥರ್ಮಾಮೀಟರು ಅದ್ದಿ ನೋಡಿ ಗುಂಡಿ ತಿರುಗಿಸಬೇಕು. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಆಗದು; ಅದರ ಅಂಕಿ ಶುರುವಾಗುವುದೇ 35ರಿಂದ.

ಒಂದು ಬಾಗಿಲಿನ ಸಾದಾ ಫ್ರಿಜ್ಜಿನಲ್ಲಿ, ಅಂಗಡಿಯವರ ಭಾಷೆಯಲ್ಲಿ 'ಡೈರೆಕ್ಟ್ ಕೂಲ್' ಮಾದರಿಯಲ್ಲಿ, ಐಸ್ ಪೆಟ್ಟಿಗೆಯ ಸುತ್ತ ಮಂಜು ಕಟ್ಟುತ್ತದೆ. ಐಸ್ ಜಾಸ್ತಿ ಕಟ್ಟಿದೆ ಎಂದರೆ ಫ್ರಿಜ್ಜು ಜೋರಾಗಿದೆ ಎಂದು ಹೆಮ್ಮೆಪಡುವುದುಂಟು. ನಿಜದಲ್ಲಿ ಈ ಮಂಜಿನ ಪದರ ತಣ್ಣನೆಯ ಲೋಹಕ್ಕೂ ಒಳಗಿನ ಗಾಳಿಗೂ ನಡುವೆ ಹತ್ತಿಯಂತೆ ಕೂತು ಬಿಸಿ ಹೀರುವುದನ್ನು ತಡೆಯುತ್ತದೆ. ಅರ್ಧ ಸೆಂಟಿಮೀಟರು ದಪ್ಪವಾದ ಕೂಡಲೇ ಗುಂಡಿಯ ನಡುವಿನ ಡೀಫ್ರಾಸ್ಟ್ ಬಟನ್ ಒತ್ತಿ ಕರಗಿಸಬೇಕು. ರಾತ್ರಿ ಒತ್ತಿದರೆ ಬೆಳಗಾಗುವಷ್ಟರಲ್ಲಿ ನೀರು ತಟ್ಟೆಗಿಳಿದು ಯಂತ್ರ ತಾನೇ ಮತ್ತೆ ಶುರುವಾಗಿರುತ್ತದೆ. ಚಾಕುವಿನಿಂದ ಕೆತ್ತುವ ಅವಸರ ಮಾತ್ರ ಬೇಡ. ಆ ಪೆಟ್ಟಿಗೆಯ ಗೋಡೆಯಲ್ಲೇ ಅನಿಲದ ಸಣ್ಣ ದಾರಿಗಳಿವೆ. ಒಂದು ತೂತು ಬಿದ್ದರೆ ಅನಿಲವೆಲ್ಲ ಹೋಗಿ ಸಾವಿರಗಟ್ಟಲೆ ರೂಪಾಯಿ ಖರ್ಚು, ಐಸೊಬ್ಯೂಟೇನ್ ಆದರೆ ಹತ್ತಿಕೊಳ್ಳುವ ಭಯವೂ ಉಂಟು. ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಮಾದರಿಗೆ ಈ ಕೆಲಸವಿಲ್ಲ. ಒಳಗಿನ ಸಣ್ಣ ಹೀಟರು ಆಗಾಗ ಮಂಜು ಕರಗಿಸುತ್ತದೆ, ಫ್ಯಾನು ತಂಪು ಹಂಚುತ್ತದೆ. ಆ ಅನುಕೂಲಕ್ಕೆ ಕರೆಂಟಿನಲ್ಲಿ ಬೆಲೆ ತೆರಬೇಕು. ಇದರಲ್ಲಿ ಗಾಳಿ ಬರುವ ಕಿಂಡಿಗಳಿಗೆ ಡಬ್ಬಿ ಅಡ್ಡ ಇಡಬಾರದು. ಸಾದಾ ಮಾದರಿಯಲ್ಲಿ ತಂಪು ಗಾಳಿ ತಾನಾಗಿ ಮೇಲಿನಿಂದ ಕೆಳಗಿಳಿಯಬೇಕಾದ್ದರಿಂದ ಹಲಗೆಗಳ ಮೇಲೆ ಉದ್ದಗಲಕ್ಕೂ ಪ್ಲಾಸ್ಟಿಕ್ ಹಾಳೆ ಹಾಸಬಾರದು.

ಮಕ್ಕಳು ಬಾಗಿಲು ತೆಗೆದು ನಿಂತಾಗ ಬೈಯುವ ರೂಢಿಗೆ ಎಷ್ಟು ಆಧಾರವಿದೆ ಎಂದು ಲೆಕ್ಕ ಹಾಕಿದರೆ ಸೋಜಿಗವಾಗುತ್ತದೆ. 200 ಲೀಟರ್ ಫ್ರಿಜ್ಜಿನೊಳಗಿನ ಗಾಳಿಯ ತೂಕ ಕಾಲು ಕೆಜಿಯ ಆಸುಪಾಸು ಅಷ್ಟೇ. ಅಷ್ಟೂ ಗಾಳಿ ಹೊರಗೆ ಚೆಲ್ಲಿ ಬಿಸಿ ಗಾಳಿ ಒಳಬಂದರೂ ಅದನ್ನು ತಣಿಸುವುದು ದೊಡ್ಡ ಕೆಲಸವಲ್ಲ. ಅದೂ ಚಳ್ಳಕೆರೆಯ ಒಣಗಾಳಿ. ಮಂಗಳೂರಿನ ಗಾಳಿಯಾದರೆ ಒಳಬಂದ ನೀರಾವಿಯನ್ನು ಮಂಜುಗಟ್ಟಿಸುವ ಹೊರೆಯೂ ಕೂಡುತ್ತದೆ. ಇದರ ಪಕ್ಕದಲ್ಲಿ ಎರಡು ಲೀಟರ್ ಬಿಸಿ ಸಾರಿನ ತಪ್ಪಲೆಯನ್ನಿಟ್ಟು ನೋಡಬೇಕು. 60 ಡಿಗ್ರಿಯ ಸಾರನ್ನು 4 ಡಿಗ್ರಿಗೆ ಇಳಿಸಲು ಹೊರಹಾಕಬೇಕಾದ ಬಿಸಿ, ಬಾಗಿಲನ್ನು ಐವತ್ತಕ್ಕೂ ಹೆಚ್ಚು ಸಲ ಪೂರಾ ತೆರೆದು ಮುಚ್ಚಿದಷ್ಟು. ಹಾಗಿದ್ದೂ ಕರೆಂಟಿನಲ್ಲಿ ಅದು ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲು ದಾಟದು. ದಿನಾ ಸಾರನ್ನು ಆರಿಸಿ ಒಳಗಿಟ್ಟರೆ ತಿಂಗಳಿಗೆ ಒಂದು ಯೂನಿಟ್ ಉಳಿದೀತು. ಬಿಸಿ ತಪ್ಪಲೆಯ ನಿಜವಾದ ಕೇಡು ಬೇರೆ: ಪಕ್ಕದಲ್ಲಿರುವ ಹಾಲನ್ನು, ಮೊಸರನ್ನು ಅದು ಗಂಟೆಗಟ್ಟಲೆ ಬೆಚ್ಚಗಿಡುತ್ತದೆ, ಅದರ ಆವಿ ಮಂಜಾಗಿ ಕಟ್ಟುತ್ತದೆ. ಹಾಗೆಂದು 38 ಡಿಗ್ರಿಯ ಮನೆಯಲ್ಲಿ ಸಾರನ್ನು ಇಡೀ ಮಧ್ಯಾಹ್ನ ಹೊರಗೇ ಬಿಟ್ಟರೆ ಹಳಸುತ್ತದೆ. ಅಗಲ ಬೋಗುಣಿಯಲ್ಲಿ ತಣ್ಣೀರು ತುಂಬಿ ತಪ್ಪಲೆಯನ್ನು ಅದರಲ್ಲಿ ಇಳಿಸಿ, ಒಮ್ಮೆ ನೀರು ಬದಲಿಸಿದರೆ ಅರ್ಧ ಗಂಟೆಯಲ್ಲಿ ಆರುತ್ತದೆ. ಆಮೇಲೆ ಮುಚ್ಚಳ ಹಾಕಿ ಒಳಗಿಡುವುದು.

ಫ್ರಿಜ್ಜು ತುಂಬಿದ್ದರೆ ಕರೆಂಟು ಕಡಿಮೆ, ಖಾಲಿಯಿದ್ದರೆ ಹೆಚ್ಚು ಎನ್ನುವ ಮಾತೂ ಅರೆಸತ್ಯವೇ. ಒಮ್ಮೆ ತಣಿದ ವಸ್ತು ಒಳಗೆ ಸುಮ್ಮನಿದ್ದರೆ ಅದಕ್ಕೆ ಹೊಸ ಕರೆಂಟು ಬೇಡ. ಸೋರಿಕೆ ಗೋಡೆಯದು, ಗೋಡೆಯ ಅಳತೆ ತುಂಬಿದ್ದರೂ ಖಾಲಿಯಿದ್ದರೂ ಅಷ್ಟೇ. ನೀರಿನ ಬಾಟಲಿಗಳನ್ನು ತುಂಬಿಸಿಡುವುದು ಕರೆಂಟು ಹೋದಾಗ ತಂಪು ಹಿಡಿದಿಡಲು ಉಪಯೋಗ, ಉಳಿದಂತೆ ಅಲ್ಲ. ರಾತ್ರಿ ಮಲಗುವಾಗ ಫ್ರಿಜ್ಜು ಆರಿಸುವ ರೂಢಿಯಂತೂ ನಷ್ಟದ ಬಾಬತ್ತು. ರಾತ್ರಿಯೆಂದರೆ ಹೊರಗೆ ತಂಪು, ಬಿಸಿಯನ್ನು ಅತಿ ಅಗ್ಗವಾಗಿ ಎತ್ತಿ ಹಾಕಬಹುದಾದ ಹೊತ್ತು. ಆಗ ಆರಿಸಿ ಬೆಳಿಗ್ಗೆ ಹಾಕಿದರೆ ರಾತ್ರಿ ಸೋರಿದ ಬಿಸಿಯನ್ನೆಲ್ಲ ಬಿಸಿಲೇರಿದ ಮೇಲೆ ಎತ್ತಬೇಕಾಗುತ್ತದೆ. ಉಳಿತಾಯವೆಂದು ಕಾಣುವ ಅಲ್ಪಸ್ವಲ್ಪ ಸಿಗುವುದು ಹಾಲು ಬೆಚ್ಚಗಾದ ಬೆಲೆಗೆ. ಜಾತ್ರೆಗೋ ಮದುವೆಗೋ ವಾರಗಟ್ಟಲೆ ಊರು ಬಿಡುವಾಗ ಪೂರಾ ಖಾಲಿ ಮಾಡಿ, ಒರೆಸಿ, ಬಾಗಿಲನ್ನು ಒಂದಿಷ್ಟು ತೆರೆದಿಟ್ಟು ಆರಿಸುವುದು ಬೇರೆ ಮಾತು.

ಫ್ರಿಜ್ಜಿಗೆ ಹೋಗಬೇಕಾಗಿಲ್ಲದ ವಸ್ತುಗಳು ಈ ಸೀಮೆಯ ಅಡುಗೆಮನೆಯಲ್ಲಿ ಸಾಕಷ್ಟಿವೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬಾಳೆಹಣ್ಣು, ಬೆಲ್ಲ, ಶೇಂಗಾ ಎಣ್ಣೆ, ಉಪ್ಪಿನಕಾಯಿ, ಹುಳ ಬಿದ್ದೀತೆಂದು ತುರುಕಿಟ್ಟ ರಾಗಿ ಹಿಟ್ಟು. ಇವೆಲ್ಲ ಹೊರಬಂದರೆ ಚಿಕ್ಕ ಫ್ರಿಜ್ಜೇ ಸಾಕಾಗುತ್ತದೆ. ಇನ್ನು ಕುಡಿಯುವ ನೀರು. ಬೇಸಿಗೆಯಲ್ಲಿ ಫ್ರಿಜ್ಜಿನ ಬಾಗಿಲು ಪದೇಪದೇ ತೆರೆಯುವುದು ನೀರಿನ ಬಾಟಲಿಗೆ, ದಿನಕ್ಕೆ ಹತ್ತು ಲೀಟರು ಒಳಗೆ ಹೋಗಿ ಹೊರಗೆ ಬರುತ್ತದೆ. ಈ ಕೆಲಸವನ್ನು ಮಣ್ಣಿನ ಗಡಿಗೆ ಕರೆಂಟಿಲ್ಲದೆ ಮಾಡುತ್ತದೆ, ಅದೂ ಚಳ್ಳಕೆರೆಯಂಥ ಕಡೆ ಬಲು ಚೆನ್ನಾಗಿ ಮಾಡುತ್ತದೆ. ಗಡಿಗೆಯ ಮೈಯಿಂದ ಒಸರಿದ ನೀರು ಆರುವಾಗ ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ಬೇಗ ಆರುತ್ತದೆ. 38 ಡಿಗ್ರಿ ಬಿಸಿ, ಶೇಕಡ 20ರ ತೇವಾಂಶ ಇರುವ ಗಾಳಿಯಲ್ಲಿ ಹೀಗೆ ಇಳಿಯಬಹುದಾದ ಕೊನೆಯ ಮಿತಿ ಸುಮಾರು 21 ಡಿಗ್ರಿ. ಕರಾವಳಿಯಲ್ಲಿ 33 ಡಿಗ್ರಿ, ಶೇಕಡ 70ರ ತೇವಾಂಶವಿದ್ದರೆ ಅದೇ ಮಿತಿ 28. ಗಡಿಗೆ ಆ ಮಿತಿಯನ್ನು ಮುಟ್ಟದಿದ್ದರೂ ಹತ್ತಿರ ಹೋಗುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಮರಳಿನ ಮೇಲೆ ಇಟ್ಟು ಒದ್ದೆ ಬಟ್ಟೆ ಸುತ್ತಿದರೆ ಇನ್ನೂ ತಂಪು.

ತರಕಾರಿಗೂ ಇದೇ ಉಪಾಯವನ್ನು ದೊಡ್ಡದು ಮಾಡಿದ್ದಾರೆ. ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಶೂನ್ಯ ಶಕ್ತಿ ಶೀತಲ ಕೋಣೆ ಎಂದರೆ ಇಟ್ಟಿಗೆಯ ಎರಡು ಗೋಡೆಗಳ ನಡುವೆ ಒದ್ದೆ ಮರಳು ತುಂಬಿದ ತೊಟ್ಟಿ. ಗುಜರಾತಿನ ವಾಂಕಾನೇರಿನ ಕುಂಬಾರ ಮನ್ಸುಖ್‌ಭಾಯಿ ಪ್ರಜಾಪತಿ ಮಣ್ಣಿನಲ್ಲೇ 'ಮಿಟ್ಟಿಕೂಲ್' ಎಂಬ ಪೆಟ್ಟಿಗೆ ಮಾಡಿ ಹೆಸರಾದರು. ಮನೆಯ ಮಟ್ಟಿಗೆ ದೊಡ್ಡ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು ನಡುವೆ ಮರಳು ತುಂಬಿ ನೀರು ಚಿಮುಕಿಸಿದರೆ ಟೊಮೆಟೊ, ಬದನೆ, ಸೊಪ್ಪು ಎರಡು ದಿನ ಹೆಚ್ಚು ತಾಳುತ್ತವೆ. ಹಾಲಿಗೆ, ಮಾಂಸಕ್ಕೆ, ಇನ್ಸುಲಿನ್ನಿನಂಥ ಔಷಧಿಯ ದೀರ್ಘಕಾಲದ ದಾಸ್ತಾನಿಗೆ ಗಡಿಗೆ ಸಾಲದು. ಅಲ್ಲಿ ಫ್ರಿಜ್ಜೇ ಬೇಕು.

ಹಳ್ಳಿಯ ಫ್ರಿಜ್ಜಿಗೆ ವೋಲ್ಟೇಜಿನ ತೊಂದರೆ ಇನ್ನೊಂದು. ಮನೆಗಳ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಬಂದ ಊರೊಳಗೆ ಪರಿಸ್ಥಿತಿ ಸುಧಾರಿಸಿದೆ, ಆದರೆ ಹೊಲದ ಮನೆಗಳ ಕರೆಂಟು ಅನೇಕ ಕಡೆ ಪಂಪ್‌ಸೆಟ್ ಲೈನಿನದೇ. ವೋಲ್ಟೇಜು ಇಳಿದಾಗ ಕಂಪ್ರೆಸರ್ ಏಳಲು ಹೆಣಗುತ್ತದೆ: ಗುಂಯ್ ಎಂದು ಎರಡು ಕ್ಷಣ ನರಳಿ, ಟಕ್ ಎಂದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ರಾಗ. ಆ ನರಳಾಟದಲ್ಲಿ ಕರೆಂಟು ಹೋಗುತ್ತದೆ, ತಂಪು ಬರುವುದಿಲ್ಲ, ಮೋಟರಿನ ಸುರುಳಿ ಕಾಯುತ್ತದೆ. ಅಂಥ ಕಡೆ ಸ್ಟೆಬಿಲೈಜರು ಬೇಕು. ಕರೆಂಟು ಹೋಗಿ ಬಂದ ಮೇಲೆ ಮೂರು ನಾಲ್ಕು ನಿಮಿಷ ತಡಮಾಡಿ ಬಿಡುವಂಥದಾದರೆ ಒಳ್ಳೆಯದು. ವೇಗ ಬದಲಿಸುವ ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ಜು ಮೆಲ್ಲಗೆ ಏಳುತ್ತದೆ, ಅವಶ್ಯವಿದ್ದಷ್ಟೇ ಓಡುತ್ತದೆ, ಕರೆಂಟೂ ಕಡಿಮೆ ತಿನ್ನುತ್ತದೆ. ಇದಕ್ಕೂ ಬ್ಯಾಟರಿ ಇಟ್ಟುಕೊಳ್ಳುವ ಮನೆಯ ಇನ್ವರ್ಟರಿಗೂ ಹೆಸರೊಂದೇ, ನಂಟಿಲ್ಲ. ಇನ್ವರ್ಟರ್ ಫ್ರಿಜ್ಜು ಕರೆಂಟು ಹೋದಾಗ ತಾನಾಗಿ ಓಡುತ್ತದೆಂದು ನಂಬಿ ಕೊಂಡವರ ಮುಖ ಮೊದಲ ಲೋಡ್‌ಶೆಡ್ಡಿಂಗಿನಲ್ಲೇ ಸಪ್ಪಗಾಗುತ್ತದೆ. ಕರೆಂಟಿಲ್ಲದಾಗ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಂಪು ನಿಲ್ಲುತ್ತದೆಂಬುದು ಸಾಮಾನ್ಯ ಲೆಕ್ಕ. ಏಪ್ರಿಲ್ ಮಧ್ಯಾಹ್ನಕ್ಕೆ ಅದನ್ನು ಪೂರ್ತಿ ನಂಬುವಂತಿಲ್ಲ.

ಭಾರತದಲ್ಲಿ ಫ್ರಿಜ್ಜು ತಯಾರಾಗತೊಡಗಿದ್ದು 1958ರಲ್ಲಿ, ಗೋದ್ರೆಜ್ ಕಾರ್ಖಾನೆಯಿಂದ. ಅದು ಎಷ್ಟು ಕರೆಂಟು ತಿನ್ನುತ್ತದೆಂದು ಕೊಳ್ಳುವವರಿಗೆ ಮೊದಲೇ ತಿಳಿಯುವ ವ್ಯವಸ್ಥೆಯಾಗಲು ಮತ್ತೆ ಅರ್ಧ ಶತಮಾನ ಬೇಕಾಯಿತು. 2002ರಲ್ಲಿ ಹುಟ್ಟಿದ ಇಂಧನ ದಕ್ಷತಾ ಬ್ಯೂರೊ 2006ರಲ್ಲಿ ನಕ್ಷತ್ರದ ಲೇಬಲ್ಲು ತಂದಿತು. 2010ರಿಂದ ಫ್ರಾಸ್ಟ್-ಫ್ರೀ ಫ್ರಿಜ್ಜುಗಳಿಗೆ ಅದು ಕಡ್ಡಾಯ. ಅಂಗಡಿಯಲ್ಲಿ ಎಲ್ಲರ ಕಣ್ಣೂ ನಕ್ಷತ್ರದ ಮೇಲೆ. ನೋಡಬೇಕಾದ್ದು ಅದರ ಕೆಳಗಿನ ಅಂಕಿ, ವರ್ಷಕ್ಕೆ ಎಷ್ಟು ಯೂನಿಟ್ ಎಂಬುದು. ಒಂದು ಬಾಗಿಲಿನ 180–200 ಲೀಟರಿನ ಫ್ರಿಜ್ಜುಗಳಲ್ಲಿ ಅದು ಸಾಮಾನ್ಯವಾಗಿ 100ರಿಂದ 200ರ ನಡುವೆ ಇರುತ್ತದೆ. ನಕ್ಷತ್ರದ ಅಳತೆಗೋಲನ್ನು ಬ್ಯೂರೊ ಆಗಾಗ ಬಿಗಿಮಾಡುವುದರಿಂದ ಹಳೆಯ ಐದು ನಕ್ಷತ್ರ ಇಂದಿನ ಮೂರಕ್ಕೆ ಸಮವಾಗಬಹುದು. ದೊಡ್ಡ ಫ್ರಿಜ್ಜಿನ ಐದು ನಕ್ಷತ್ರ ಚಿಕ್ಕದರ ಮೂರಕ್ಕಿಂತ ಹೆಚ್ಚು ಕರೆಂಟು ತಿನ್ನಬಹುದು. ಲೇಬಲ್ಲಿನ ಅಂಕಿ ಪ್ರಯೋಗಾಲಯದ್ದು, ಶೀಟಿನ ಮನೆಯದಲ್ಲ ಎಂಬುದೂ ನೆನಪಿರಬೇಕು.

ಹಳೆಯದನ್ನು ಕರೆಂಟಿನ ಸಲುವಾಗಿಯೇ ಬದಲಿಸಬೇಕೇ? ವರ್ಷಕ್ಕೆ 400 ಯೂನಿಟ್ ತಿನ್ನುವ ಹಳೆಯ ಎರಡು ಬಾಗಿಲಿನದರ ಜಾಗಕ್ಕೆ 130 ಯೂನಿಟ್ಟಿನದು ಬಂದರೆ ಉಳಿಯುವುದು 270 ಯೂನಿಟ್. ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ 1,620 ರೂಪಾಯಿ. 16,000 ರೂಪಾಯಿಯ ಫ್ರಿಜ್ಜಿನ ಬೆಲೆ ಹೊರಡಲು ಹತ್ತು ವರ್ಷ. ಹಳೆಯದು ಚಿಕ್ಕ ಸಾದಾ ಮಾದರಿಯಾದರೆ ಇನ್ನೂ ಹೆಚ್ಚು. ಚೆನ್ನಾಗಿ ಓಡುತ್ತಿರುವುದನ್ನು ಬರೀ ಇದಕ್ಕಾಗಿ ಎಸೆಯುವುದರಲ್ಲಿ ಅರ್ಥವಿಲ್ಲ. ಕಂಪ್ರೆಸರ್ ಬದಲಿಸುವ ಖರ್ಚು ಬಂದಾಗ ಹೊಸದರ ಯೋಚನೆ ಸರಿ. ಹೊಸದು ಬಂದ ಮೇಲೆ ಹಳೆಯದನ್ನು ಹಿತ್ತಲ ಕೋಣೆಯಲ್ಲಿ ನೀರಿನ ಬಾಟಲಿಗೆಂದು ಓಡಿಸುವುದು ಎಲ್ಲಕ್ಕಿಂತ ದುಬಾರಿ.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಗೃಹಜ್ಯೋತಿಯ ಮಗ್ಗುಲೂ ಇದೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತವೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಉಚಿತ ಮಿತಿ ಪ್ರತಿ ಮನೆಗೂ ಬೇರೆ: 2022–23ರ ತಿಂಗಳ ಸರಾಸರಿ, ಅದರ ಮೇಲೆ ಶೇಕಡ 10. ಬಹಳ ಕಡಿಮೆ ಬಳಸುತ್ತಿದ್ದ, ಅಂದರೆ ಸರಾಸರಿ 48 ಯೂನಿಟ್ಟಿನೊಳಗಿದ್ದ ಮನೆಗಳಿಗೆ 2024ರಲ್ಲಿ ಶೇಕಡ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡಲಾಯಿತು. 2022–23ರಲ್ಲಿ ಫ್ರಿಜ್ಜಿಲ್ಲದೆ ತಿಂಗಳಿಗೆ ಸರಾಸರಿ 60 ಯೂನಿಟ್ ಬಳಸಿದ ಮನೆಯ ಮಿತಿ 66. ಆಮೇಲೆ ಫ್ರಿಜ್ಜು ಕೊಂಡು ಬೇಸಿಗೆಯಲ್ಲಿ 20 ಯೂನಿಟ್ ಕೂಡಿದರೆ 80 ಆಗುತ್ತದೆ. ಮಿತಿ ಮೀರಿದ 14 ಯೂನಿಟ್ಟಿಗೆ ದುಡ್ಡು. ಬಳಕೆ 200ರ ಅಂಚಿನಲ್ಲಿರುವ ಪೇಟೆಯ ಮನೆಗಳಿಗೆ ಪೆಟ್ಟು ಇನ್ನೂ ಜೋರು. 200 ದಾಟಿದ ತಿಂಗಳು ಹೆಚ್ಚುವರಿಗಷ್ಟೇ ಅಲ್ಲ, ಇಡೀ ಬಿಲ್ಲನ್ನೂ ಕಟ್ಟಬೇಕು. ಒಲೆಯ ಪಕ್ಕದ ಫ್ರಿಜ್ಜು ಏಪ್ರಿಲಿನಲ್ಲಿ ತಿಂದ ಐದಾರು ಹೆಚ್ಚುವರಿ ಯೂನಿಟ್ಟೇ ಸೊನ್ನೆ ಬಿಲ್ಲನ್ನು ಸಾವಿರದಾಚೆಗೆ ಒಯ್ಯಬಲ್ಲದು.

ತಮ್ಮ ಫ್ರಿಜ್ಜು ಎಷ್ಟು ತಿನ್ನುತ್ತದೆಂದು ತಿಳಿಯಲು ಬೇರೆ ಸಲಕರಣೆ ಬೇಡ, ಬೆಸ್ಕಾಂ ಮೀಟರೇ ಸಾಕು. ಅದರ ಮುಖದ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅನೇಕ ಮೀಟರುಗಳಲ್ಲಿ ಅದು 3200. ಮನೆಯಲ್ಲಿ ಉಳಿದದ್ದನ್ನೆಲ್ಲ ಆರಿಸಿ, ಫ್ರಿಜ್ಜಿನ ಮೋಟರು ಓಡುತ್ತಿರುವಾಗ ಹತ್ತು ನಿಮಿಷ ಮಿಣುಕು ಎಣಿಸಬೇಕು. 50 ಬಂದರೆ ಗಂಟೆಗೆ 300, ಅಂದರೆ ಸುಮಾರು 94 ವ್ಯಾಟ್. ದಿನದ ಲೆಕ್ಕ ಬೇಕಾದರೆ ಮನೆ ಬೀಗ ಹಾಕಿ ಹೊರಡುವ ದಿನ ಒಳ್ಳೆಯದು: ಹೋಗುವಾಗಿನ ಅಂಕಿ, ಬಂದಾಗಿನ ಅಂಕಿ, ನಡುವೆ ಓಡಿದ್ದು ಫ್ರಿಜ್ಜೊಂದೇ. ಒಲೆಯ ಪಕ್ಕದಿಂದ ನಡುಮನೆಗೆ ಸರಿಸುವ ಮುಂಚೆ ಒಮ್ಮೆ, ಸರಿಸಿ ಎರಡು ದಿನವಾದ ಮೇಲೆ ಇನ್ನೊಮ್ಮೆ, ಬಿಸಿಲು ಒಂದೇ ತೆರನಿರುವ ದಿನಗಳಲ್ಲಿ ಹೀಗೆ ಬರೆದಿಟ್ಟುಕೊಂಡರೆ ವ್ಯತ್ಯಾಸ ಎಷ್ಟೆಂದು ಮೀಟರೇ ತೋರಿಸುತ್ತದೆ.